ಜಂಟಿ ಸಾಲದ ಮನೆ ಮತ್ತು ಬೇರೆಯಾದ ದಂಪತಿ: ಕನ್ನಡ ನಾಡಿನ ಒಂದು ಕಾನೂನು ಚರಿತ್ರೆ

ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿ, ತಮ್ಮಿಬ್ಬರ ಹೆಸರಿನಲ್ಲಿರುವ ಮನೆಯನ್ನೇ ಅಡಮಾನವಿಟ್ಟು ಪಡೆಯುವ ಗೃಹಸಾಲವು ಇಂದು ಕರ್ನಾಟಕದ ನಗರಗಳ ಮಧ್ಯಮ ವರ್ಗದ ಬದುಕಿನಲ್ಲಿ ಸಾಮಾನ್ಯ ಸಂಗತಿಯಾಗಿದೆ. ಅಡಮಾನವೆಂದರೆ ಸಾಲಕ್ಕೆ ಭದ್ರತೆಯಾಗಿ ಸ್ಥಿರಾಸ್ತಿಯಲ್ಲಿನ ಹಕ್ಕನ್ನು ಸಾಲ ಕೊಟ್ಟವರಿಗೆ ಒಪ್ಪಿಸಿಡುವ ವ್ಯವಹಾರ. ಇಪ್ಪತ್ತು ವರ್ಷಗಳ ಕಂತಿಗೆ ಒಪ್ಪಿಕೊಂಡ ಆ ದಂಪತಿ ಐದಾರು ವರ್ಷಗಳಲ್ಲೇ ಬೇರೆಯಾದರೆ ಉಳಿದ ಕಂತುಗಳನ್ನು ಯಾರು ಕಟ್ಟಬೇಕು, ಮನೆ ಯಾರಿಗೆ ಸೇರಬೇಕು, ಮನೆ ಬಿಟ್ಟುಹೋದವರು ಸಾಲದಿಂದಲೂ ಬಿಡುಗಡೆ ಪಡೆಯುವುದು ಹೇಗೆ ಎಂಬ ಪ್ರಶ್ನೆಗಳು ಈ ಕಾಲದವೆಂದು ತೋರಿದರೂ, ಅವುಗಳ ಹಿಂದಿರುವ ತತ್ವಗಳಲ್ಲಿ ಕೆಲವು ಒಂಬತ್ತು ಶತಮಾನಗಳಷ್ಟು ಹಿಂದೆ ಕನ್ನಡ ನೆಲದಲ್ಲಿಯೇ ಚರ್ಚೆಗೊಂಡವು. ಆ ಚರಿತ್ರೆಯನ್ನು ಕ್ರಮವಾಗಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಮದುವೆಯ ಕಾನೂನೂ ಸಾಲದ ಕಾನೂನೂ ಆಧುನಿಕ ಕಾಲದಲ್ಲಿ ಬೇರೆ ಬೇರೆ ದಾರಿಗಳಲ್ಲಿ ಬೆಳೆದವು, ಮತ್ತು ಅವೆರಡರ ನಡುವೆ ಉಳಿದುಹೋದ ತೆರಪಿನಲ್ಲಿಯೇ ಇಂದಿನ ದಂಪತಿಗಳು ಸಿಕ್ಕಿಕೊಳ್ಳುತ್ತಿದ್ದಾರೆ.

ಕಲ್ಯಾಣದಲ್ಲಿ ಬರೆದ ನಿಯಮ

ಹಿಂದೂ ಕುಟುಂಬದ ಆಸ್ತಿ ಮತ್ತು ಋಣಗಳ ಬಗ್ಗೆ ಭಾರತದ ಬಹುಭಾಗದಲ್ಲಿ ಪ್ರಮಾಣವೆನಿಸಿದ ಗ್ರಂಥ ವಿಜ್ಞಾನೇಶ್ವರನ ಮಿತಾಕ್ಷರ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಆಗಿರುವ ಅಂದಿನ ಕಲ್ಯಾಣದಲ್ಲಿ, 1076ರಿಂದ 1126ರವರೆಗೆ ಆಳಿದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ವ್ಯಾಖ್ಯಾನವಾಗಿ ಈ ಗ್ರಂಥ ರಚಿತವಾಯಿತು. ಅದರ ವ್ಯವಹಾರಾಧ್ಯಾಯದಲ್ಲಿ, ಅಂದರೆ ವ್ಯಾಜ್ಯ ಮತ್ತು ನ್ಯಾಯತೀರ್ಮಾನಗಳನ್ನು ಕುರಿತ ಭಾಗದಲ್ಲಿ, ಸಾಲ ಕೊಡುವುದು, ವಸೂಲು ಮಾಡುವುದು, ಬಡ್ಡಿ, ಜಾಮೀನು ಮತ್ತು ಒತ್ತೆಗಳ ವಿಚಾರಗಳು ವಿಸ್ತಾರವಾಗಿ ಬರುತ್ತವೆ. ಒತ್ತೆಯಿಡುವ ವಸ್ತುವಿಗೆ ಅಲ್ಲಿ ಆಧಿ ಎಂದು ಹೆಸರು. ಸಾಲ ಕೊಟ್ಟವನು ಬಳಸದೆ ಕಾಪಾಡಿಡಬೇಕಾದುದು ಗೋಪ್ಯಾಧಿ, ಅದರ ಫಲವನ್ನು ಅನುಭವಿಸಬಹುದಾದುದು ಭೋಗ್ಯಾಧಿ. ಸಾಲ ಬೆಳೆದು ಇಮ್ಮಡಿಯಾದರೂ ಬಿಡಿಸಿಕೊಳ್ಳದಿದ್ದರೆ ಮೊದಲನೆಯ ಬಗೆಯ ಒತ್ತೆ ಕೈತಪ್ಪಿಹೋಗುತ್ತದೆ, ಎರಡನೆಯದು ಹಾಗೆ ಹೋಗುವುದಿಲ್ಲ ಎಂಬುದು ಅಲ್ಲಿಯ ನಿಯಮ. ಒಟ್ಟು ಹಣ ಕೊಟ್ಟು ಬಾಡಿಗೆಯಿಲ್ಲದೆ ಮನೆಯಲ್ಲಿರುವ, ಬೆಂಗಳೂರಿನ ಬೀದಿಗಳಲ್ಲಿ ಇಂದಿಗೂ ಭೋಗ್ಯವೆಂದೇ ಕರೆಯುವ ಪದ್ಧತಿಯು ಈ ಎರಡನೆಯ ಬಗೆಯ ದೂರದ ಸಂಬಂಧಿ.

ಈ ಋಣಪ್ರಕರಣದಲ್ಲಿ ದಂಪತಿಗಳ ಸಾಲದ ಬಗ್ಗೆ ಇರುವ ನಿಯಮಗಳು ಗಮನಾರ್ಹವಾಗಿವೆ. ಗಂಡನ ಸಾಲವನ್ನು ಹೆಂಡತಿಯೂ ಹೆಂಡತಿಯ ಸಾಲವನ್ನು ಗಂಡನೂ ತೀರಿಸಬೇಕಾಗಿಲ್ಲ ಎಂಬುದು ಸಾಮಾನ್ಯ ತತ್ವ, ಕುಟುಂಬದ ನಿರ್ವಹಣೆಗೆಂದು ಮಾಡಿದ ಸಾಲ ಅದಕ್ಕೆ ಅಪವಾದ. ದನಗಾಹಿ, ಮದ್ಯ ತಯಾರಿಸುವವ, ನಟ, ಅಗಸ, ಬೇಟೆಗಾರ ಮೊದಲಾದವರ ಹೆಂಡಿರು ಮಾಡಿದ ಸಾಲವನ್ನು ಗಂಡಂದಿರೇ ತೀರಿಸಬೇಕು, ಏಕೆಂದರೆ ಆ ಕುಟುಂಬಗಳ ಜೀವನೋಪಾಯವು ಹೆಂಗಸರ ದುಡಿಮೆಯನ್ನೇ ಅವಲಂಬಿಸಿದೆ ಎಂದು ಸ್ಮೃತಿ ಕಾರಣ ಕೊಡುತ್ತದೆ. ಹೆಂಡತಿಯಾದವಳು ಮೂರು ಬಗೆಯ ಸಾಲಗಳಿಗೆ ಮಾತ್ರ ಹೊಣೆಯಾಗುತ್ತಾಳೆ: ತೀರಿಸುವೆನೆಂದು ತಾನೇ ಒಪ್ಪಿಕೊಂಡದ್ದು, ಗಂಡನೊಡನೆ ಕೂಡಿ ಮಾಡಿದ್ದು, ತಾನೊಬ್ಬಳೇ ಮಾಡಿದ್ದು. ಈ ಮೂರರಲ್ಲಿ ನಡುವಿನದು ಇಂದಿನ ಜಂಟಿ ಸಾಲದ ಮೂಲತತ್ವವೇ ಆಗಿದೆ. ಹೆಂಡತಿಯಾಗಿರುವ ಕಾರಣಕ್ಕೆ ಹೆಣ್ಣು ಋಣಿಯಾಗುವುದಿಲ್ಲ, ಕೂಡಿ ಮಾಡಿದ ಕಾರಣಕ್ಕೆ ಋಣಿಯಾಗುತ್ತಾಳೆ ಎಂಬ ಈ ಭೇದವನ್ನು ಅಷ್ಟು ಹಿಂದೆಯೇ ಗುರುತಿಸಿದ್ದು ಸಣ್ಣ ಸಂಗತಿಯಲ್ಲ. ಹೊಣೆಯ ಮೂಲ ಮದುವೆಯಲ್ಲದೆ ಒಪ್ಪಂದವಾಗಿದ್ದರೆ, ಮದುವೆ ಕೊನೆಗೊಂಡ ಮಾತ್ರಕ್ಕೆ ಹೊಣೆ ಕೊನೆಗೊಳ್ಳುವುದಿಲ್ಲ ಎಂಬ ತೀರ್ಮಾನವೂ ಇದರಿಂದಲೇ ಹೊರಡುತ್ತದೆ.

ಸ್ತ್ರೀಧನದ ವಿಚಾರದಲ್ಲಿ ವಿಜ್ಞಾನೇಶ್ವರನು ಸ್ಮೃತಿಯ ಮಾತನ್ನು ಇನ್ನಷ್ಟು ವಿಸ್ತರಿಸಿದನು. ತವರಿನವರು ಕೊಟ್ಟದ್ದು ಮತ್ತು ಮದುವೆಯ ಅಗ್ನಿಸಾಕ್ಷಿಯಲ್ಲಿ ಬಂದದ್ದು ಮಾತ್ರವಲ್ಲದೆ, ಉತ್ತರಾಧಿಕಾರದಿಂದ, ಕ್ರಯದಿಂದ, ವಿಭಾಗದಿಂದ ಹೆಣ್ಣಿಗೆ ದೊರೆತ ಆಸ್ತಿಯೂ ಸ್ತ್ರೀಧನವೇ ಎಂಬುದು ಅವನ ನಿಲುವು, ಆದರೆ ನಂತರದ ವ್ಯಾಖ್ಯಾನಕಾರರೂ ಬ್ರಿಟಿಷರ ಕಾಲದ ನ್ಯಾಯಾಲಯಗಳೂ ಆ ವಿಸ್ತಾರವನ್ನು ಪೂರ್ಣವಾಗಿ ಒಪ್ಪಲಿಲ್ಲ. ಬರಗಾಲ, ಧರ್ಮಕಾರ್ಯ, ಕಾಯಿಲೆ, ಸೆರೆ ಇಂಥ ಸಂಕಟಗಳಲ್ಲಿ ಬಳಸಿದ್ದರ ಹೊರತು ಹೆಂಡತಿಯ ಧನವನ್ನು ಗಂಡ ಹಿಂದಿರುಗಿಸಬೇಕೆಂದೂ, ತಪ್ಪಿಲ್ಲದ ಹೆಂಡತಿಯನ್ನು ತ್ಯಜಿಸುವವನಿಂದ ಅವನ ಆಸ್ತಿಯ ಮೂರನೆಯ ಒಂದು ಭಾಗವನ್ನು ಆಕೆಗೆ ಕೊಡಿಸಬೇಕೆಂದೂ, ಅವನು ನಿರ್ಧನನಾಗಿದ್ದರೆ ಜೀವನಾಂಶವನ್ನಾದರೂ ಕೊಡಿಸಬೇಕೆಂದೂ ಯಾಜ್ಞವಲ್ಕ್ಯಸ್ಮೃತಿ ವಿಧಿಸುತ್ತದೆ. ಬೇರೆಯಾಗುವಾಗ ಆಸ್ತಿಯ ಲೆಕ್ಕ ಆಗಲೇಬೇಕೆಂಬ ಪ್ರಜ್ಞೆ ಈ ಪರಂಪರೆಗೆ ಅಪರಿಚಿತವಾಗಿರಲಿಲ್ಲ.

ಪಂಚಾಯಿತಿಯ ಕಟ್ಟೆಯಿಂದ ಕಾಯ್ದೆಯ ಪುಸ್ತಕಕ್ಕೆ

ಶಾಸ್ತ್ರಗ್ರಂಥಗಳ ಹೊರಗೆ, ಕನ್ನಡ ನಾಡಿನ ಬಹುಸಂಖ್ಯಾತ ಸಮುದಾಯಗಳಲ್ಲಿ ದಾಂಪತ್ಯದ ಬಿಡುಗಡೆ ರೂಢಿಯಲ್ಲಿಯೇ ಇತ್ತು. ಉತ್ತರ ಕರ್ನಾಟಕದಲ್ಲಿ ಸೋಡಚೀಟಿ ಎಂದು ಕರೆಯುವ ಬಿಡುಗಡೆಯ ಪತ್ರ, ಗಂಡನಿಂದ ಬೇರೆಯಾದ ಅಥವಾ ಗಂಡನನ್ನು ಕಳೆದುಕೊಂಡ ಹೆಣ್ಣು ಮತ್ತೊಬ್ಬನೊಡನೆ ಸಂಸಾರ ಹೂಡುವ ಉಡಿಕೆ ಅಥವಾ ಕೂಡಿಕೆಯ ಪದ್ಧತಿ, ಜಾತಿ ಪಂಚಾಯಿತಿಯ ತೀರ್ಮಾನ ಇವೆಲ್ಲ ಆ ರೂಢಿಯ ಅಂಗಗಳು. ಮದುವೆಯ ಕಾಲದಲ್ಲಿ ಗಂಡಿನ ಕಡೆಯವರು ಹೆಣ್ಣಿನ ಕಡೆಯವರಿಗೆ ಕೊಡುತ್ತಿದ್ದ ತೆರವನ್ನು, ಅಂದರೆ ವಧುದಕ್ಷಿಣೆಯನ್ನು, ಹಿಂದಿರುಗಿಸಬೇಕೆ, ಎಷ್ಟು ಹಿಂದಿರುಗಿಸಬೇಕು, ಒಡವೆಗಳು ಯಾರಿಗೆ ಎಂಬುದನ್ನು ಬಿಡುಗಡೆಯ ಮಾತಿನೊಡನೆಯೇ ತೀರ್ಮಾನಿಸುವುದು ಅಲ್ಲಿಯ ಕ್ರಮವಾಗಿತ್ತು. ಈ ಕಟ್ಟೆಗಳಲ್ಲಿ ತೀರ್ಪು ಹೇಳುವವರೆಲ್ಲ ಗಂಡಸರಾಗಿದ್ದರು, ದಂಡದ ಭಾರ ಹೆಚ್ಚಾಗಿ ಹೆಣ್ಣಿನ ಮೇಲೆಯೇ ಬೀಳುತ್ತಿತ್ತು, ಆದ್ದರಿಂದ ಆ ವ್ಯವಸ್ಥೆಯನ್ನು ಆದರ್ಶವೆಂದು ಎತ್ತಿ ಹಿಡಿಯಲಾಗದು. ಆದರೂ ಸಂಬಂಧದ ಬಿಡುಗಡೆ ಮತ್ತು ಹಣದ ಲೆಕ್ಕ ಎರಡನ್ನೂ ಒಂದೇ ಕೂಟದಲ್ಲಿ, ಒಂದೇ ದಿನ ಮುಗಿಸುವ ಅದರ ವಿಧಾನವನ್ನು ಇಲ್ಲಿ ಗುರುತಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಬಂದ ಕಾನೂನು ಕಳೆದುಕೊಂಡದ್ದು ಅದನ್ನೇ.

ಕರಾವಳಿಯ ತುಳುನಾಡಿನಲ್ಲಿ ಚಿತ್ರ ಬೇರೆಯಾಗಿತ್ತು. ಅಳಿಯಸಂತಾನ ಕಟ್ಟಿನಲ್ಲಿ, ಅಂದರೆ ತಾಯಿಯ ಬಳಿಯಿಂದ ವಂಶವನ್ನೂ ಆಸ್ತಿಯನ್ನೂ ಎಣಿಸುವ ಪದ್ಧತಿಯಲ್ಲಿ, ಹೆಣ್ಣು ಮದುವೆಯ ನಂತರವೂ ತನ್ನ ತಾಯಿಯ ಕುಟುಂಬದ ಸದಸ್ಯೆಯಾಗಿಯೇ ಉಳಿಯುತ್ತಿದ್ದಳು, ಗಂಡನಿಗೆ ಆ ಕುಟುಂಬದ ಮನೆಯಲ್ಲಿ ಹಕ್ಕಿರಲಿಲ್ಲ, ಹೆಂಡತಿಗೆ ಗಂಡನ ಕುಟುಂಬದ ಆಸ್ತಿಯಲ್ಲಿಯೂ ಹಕ್ಕಿರಲಿಲ್ಲ. ಕುಟುಂಬದ ಆಸ್ತಿಯನ್ನು ಅಡವಿಡುವುದಾದರೆ ಅದು ಯಜಮಾನ ಅಥವಾ ಯಜಮಾನ್ತಿಯು ಕುಟುಂಬದ ಅವಶ್ಯಕತೆಗಾಗಿ ಮಾಡಬೇಕಾದ ಕಾರ್ಯವಾಗಿತ್ತು. ಹೀಗಾಗಿ ದಂಪತಿ ಬೇರೆಯಾದರೆ ಹಂಚಿಕೊಳ್ಳಬೇಕಾದ ಮನೆಯೂ ತೀರಿಸಬೇಕಾದ ಜಂಟಿ ಸಾಲವೂ ಬಹುಮಟ್ಟಿಗೆ ಇರುತ್ತಲೇ ಇರಲಿಲ್ಲ. ದಂಪತಿಗಳು ತಮ್ಮದೇ ಮನೆ ಕಟ್ಟಿಕೊಳ್ಳುವ ರೂಢಿ ಬೆಳೆದ ಮೇಲೆಯೇ ಈ ಪ್ರಶ್ನೆ ಅಲ್ಲಿಗೂ ಬಂದಿತು.

ಕರ್ನಾಟಕ ಏಕೀಕರಣಗೊಳ್ಳುವ ಮೊದಲು ಒಂದೇ ಭಾಷೆಯ ಜನ ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದರಿಂದ, ದಾಂಪತ್ಯ ಮತ್ತು ಆಸ್ತಿಯ ಕಾನೂನುಗಳೂ ಊರಿಂದ ಊರಿಗೆ ಬದಲಾಗುತ್ತಿದ್ದವು. ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆಯನ್ನು ತಂದು, ವಿಭಾಗದ ಕಾಲದಲ್ಲಿ ವಿಧವೆ, ತಾಯಿ, ಅವಿವಾಹಿತ ಮಗಳು ಮೊದಲಾದವರಿಗೆ ಪಾಲನ್ನು ಗೊತ್ತುಮಾಡಿತು ಮತ್ತು ಸ್ತ್ರೀಧನದ ವ್ಯಾಪ್ತಿಯನ್ನು ಹಿಗ್ಗಿಸಿತು. ಬ್ರಿಟಿಷ್ ಭಾರತದಲ್ಲಿ ವಿಧವೆಗೆ ಗಂಡನ ಆಸ್ತಿಯಲ್ಲಿ ಹಕ್ಕು ಕೊಟ್ಟ ಕಾಯ್ದೆ ಬಂದದ್ದು ಅದಕ್ಕೆ ನಾಲ್ಕು ವರ್ಷ ತಡವಾಗಿ, 1937ರಲ್ಲಿ. ವಿಚ್ಛೇದನದ ವಿಚಾರದಲ್ಲಿ ಬೊಂಬಾಯಿ ಪ್ರಾಂತವು 1947ರಲ್ಲಿಯೂ ಮದ್ರಾಸ್ ಪ್ರಾಂತವು 1949ರಲ್ಲಿಯೂ ಕಾಯ್ದೆ ಮಾಡಿದವು. ಇದರಿಂದ ಧಾರವಾಡ, ಬೆಳಗಾವಿ, ಕಾರವಾರಗಳ ಹಿಂದೂ ದಂಪತಿಗಳಿಗೆ ನ್ಯಾಯಾಲಯದ ಮೂಲಕ ಬೇರೆಯಾಗುವ ಅವಕಾಶ ಮೊದಲು ದೊರೆಯಿತು, ಮಂಗಳೂರು, ಬಳ್ಳಾರಿಗಳಿಗೆ ಅದರ ಹಿಂದೆಯೇ ದೊರೆಯಿತು. ದೇಶಕ್ಕೆಲ್ಲ ಅನ್ವಯಿಸುವ ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರಲ್ಲಿ. ರೂಢಿಯಿಂದ ಬಂದ ವಿಚ್ಛೇದನದ ಹಕ್ಕನ್ನು ಆ ಕಾಯ್ದೆ ತನ್ನ 29ನೆಯ ಕಲಮಿನಲ್ಲಿ ಉಳಿಸಿಕೊಂಡಿತು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೆಯ ಕಲಮು ಈ ಚರಿತ್ರೆಯಲ್ಲಿ ಬಹು ದೊಡ್ಡ ತಿರುವು. ಅದಕ್ಕೂ ಮೊದಲು ಹೆಣ್ಣಿಗೆ ಬಂದ ಬಹಳಷ್ಟು ಆಸ್ತಿ ಸೀಮಿತ ಸ್ವಾಮ್ಯವಾಗಿತ್ತು. ಆಕೆ ಬದುಕಿರುವವರೆಗೆ ಅನುಭವಿಸಬಹುದಿತ್ತು, ಕಾನೂನು ಒಪ್ಪುವ ಅವಶ್ಯಕತೆಯಿಲ್ಲದೆ ಮಾರುವ ಅಥವಾ ಅಡವಿಡುವ ಅಧಿಕಾರವಿರಲಿಲ್ಲ. ಹೆಣ್ಣಿನ ಸ್ವಾಧೀನದಲ್ಲಿರುವ ಆಸ್ತಿ ಆಕೆಯ ಪೂರ್ಣ ಸ್ವತ್ತು ಎಂದು ಈ ಕಲಮು ಸಾರಿದ ಮೇಲೆ, ಅಡಮಾನ ಪತ್ರಕ್ಕೆ ಹೆಣ್ಣು ತನ್ನ ಹಕ್ಕಿನಿಂದಲೇ ಸಹಿ ಹಾಕುವುದು ಸಾಧ್ಯವಾಯಿತು. 1994ರಲ್ಲಿ ಕರ್ನಾಟಕವು ತನ್ನದೇ ತಿದ್ದುಪಡಿಯಿಂದ ಹೆಣ್ಣುಮಕ್ಕಳನ್ನು ಹುಟ್ಟಿನಿಂದಲೇ ಅವಿಭಕ್ತ ಕುಟುಂಬದ ಸಮಪಾಲುದಾರರನ್ನಾಗಿ ಮಾಡಿತು, 2005ರಲ್ಲಿ ಕೇಂದ್ರದ ತಿದ್ದುಪಡಿ ಅದನ್ನು ದೇಶಕ್ಕೆ ವಿಸ್ತರಿಸಿತು. ಆದರೆ ಈ ಸುಧಾರಣೆಗಳೆಲ್ಲ ಮಗಳ ಮತ್ತು ವಿಧವೆಯ ಹಕ್ಕನ್ನು ಕುರಿತವು. ಬದುಕಿರುವ ಗಂಡನಿಂದ ಬೇರೆಯಾಗುವ ಹೆಂಡತಿಗೆ, ಇಬ್ಬರೂ ಸೇರಿ ಗಳಿಸಿದ್ದರಲ್ಲಿ ಪಾಲೆಷ್ಟು ಎಂಬುದನ್ನು ಯಾವ ಕಾಯ್ದೆಯೂ ಹೇಳಲಿಲ್ಲ.

ಸಾಲದ ಕಾನೂನು ಬೆಳೆದ ದಾರಿ

ಇತ್ತ ಸಾಲದ ಕಾನೂನು ವ್ಯಾಪಾರದ ಅಗತ್ಯಗಳಿಗೆ ತಕ್ಕಂತೆ ಬೆಳೆಯಿತು. 1872ರ ಭಾರತೀಯ ಕರಾರು ಕಾಯ್ದೆಯ 43ನೆಯ ಕಲಮಿನ ಪ್ರಕಾರ, ಇಬ್ಬರು ಕೂಡಿ ಒಂದು ಮಾತು ಕೊಟ್ಟಿದ್ದರೆ, ಸಾಲ ಕೊಟ್ಟವರು ಇಡೀ ಸಾಲವನ್ನು ಅವರಲ್ಲಿ ಯಾರೊಬ್ಬರಿಂದಲೂ ವಸೂಲು ಮಾಡಬಹುದು. ನ್ಯಾಯಾಲಯದ ಭಾಷೆಯಲ್ಲಿ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆಗಾರರು ಎನ್ನುವುದು ಇದನ್ನೇ. ಹಾಗೆ ಪೂರ್ತಿ ತೆತ್ತವರು ಮತ್ತೊಬ್ಬರಿಂದ ಅವರ ಪಾಲನ್ನು ಕೇಳಿ ಪಡೆಯುವ ಹಕ್ಕನ್ನು ಅದೇ ಕಲಮು ಕೊಡುತ್ತದೆ. ಸಾಲ ಕೊಟ್ಟವರು ಒಬ್ಬರನ್ನು ಬಿಡುಗಡೆ ಮಾಡಿದರೂ ಇನ್ನೊಬ್ಬರ ಹೊಣೆ ಹೋಗುವುದಿಲ್ಲ, ಬಿಡುಗಡೆಯಾದವರು ತಮ್ಮ ಜೊತೆಗಾರರಿಗೆ ಸಲ್ಲಿಸಬೇಕಾದ ಪಾಲಿನಿಂದಲೂ ಮುಕ್ತರಾಗುವುದಿಲ್ಲ ಎಂದು 44ನೆಯ ಕಲಮು ಸೇರಿಸುತ್ತದೆ. ಹಳೆಯ ಕರಾರಿನ ಬದಲು ಹೊಸದನ್ನು ಮಾಡಿಕೊಂಡಾಗ ಹಳೆಯದು ಕೊನೆಗೊಳ್ಳುತ್ತದೆ ಎಂಬುದು 62ನೆಯ ಕಲಮಿನ ಸಾರ. ಬೇರೆಯಾದ ದಂಪತಿಯಲ್ಲಿ ಒಬ್ಬರು ಸಾಲದಿಂದ ಹೊರಬರಬೇಕಾದರೆ ಇರುವ ದಾರಿ ಈ ಕೊನೆಯ ಕಲಮಿನದು, ಅದಕ್ಕೆ ಬ್ಯಾಂಕಿನ ಒಪ್ಪಿಗೆ ಬೇಕೇ ಬೇಕು.

1882ರ ಆಸ್ತಿ ವರ್ಗಾವಣೆ ಕಾಯ್ದೆ ಇಂದು ಆರು ಬಗೆಯ ಅಡಮಾನಗಳನ್ನು ಹೆಸರಿಸುತ್ತದೆ. ಬೊಂಬಾಯಿ ಪ್ರಾಂತಕ್ಕೆ ಅದು ಅನ್ವಯವಾದದ್ದು 1893ರಲ್ಲಿ. ಆ ಆರರಲ್ಲಿ ಭೋಗ್ಯ ಅಡಮಾನವೂ ಸೇರಿದೆ, ಆದರೆ ಇಂದಿನ ಗೃಹಸಾಲಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಹಕ್ಕುಪತ್ರಗಳ ಠೇವಣಿಯ ಮೂಲಕ ಆಗುವ ಅಡಮಾನ. ಕ್ರಯಪತ್ರ ಮೊದಲಾದ ಮೂಲ ದಾಖಲೆಗಳನ್ನು ಬ್ಯಾಂಕಿಗೆ ಒಪ್ಪಿಸಿದರೆ ಅದೇ ಅಡಮಾನ, ಮನೆಯ ವಾಸ ಸಾಲಗಾರರಿಗೇ ಉಳಿಯುತ್ತದೆ. ಕಲಕತ್ತ, ಮದ್ರಾಸ್, ಬೊಂಬಾಯಿಗಳಂಥ ವ್ಯಾಪಾರದ ಪಟ್ಟಣಗಳಿಗೆ ಮೊದಲು ಸೀಮಿತವಾಗಿದ್ದ ಈ ಅನುಕೂಲ ಸರ್ಕಾರಗಳ ಅಧಿಸೂಚನೆಯಿಂದ ಇತರ ಊರುಗಳಿಗೂ ಹಬ್ಬಿತು. ಇದೇ ಕಾಯ್ದೆಯ 45ನೆಯ ಕಲಮು, ಇಬ್ಬರು ತಮ್ಮ ತಮ್ಮ ಹಣದಿಂದ ಕೂಡಿ ಕೊಂಡ ಆಸ್ತಿಯಲ್ಲಿ ಅವರವರು ಹಾಕಿದ ಹಣದ ಪ್ರಮಾಣಕ್ಕೆ ತಕ್ಕ ಪಾಲಿರುತ್ತದೆ, ಪ್ರಮಾಣ ಗೊತ್ತಾಗದಿದ್ದರೆ ಸಮಪಾಲೆಂದು ಭಾವಿಸಬೇಕು ಎನ್ನುತ್ತದೆ. ಅಡಮಾನವನ್ನು ತನ್ನ ಹಣದಿಂದ ಬಿಡಿಸಿಕೊಂಡ ಸಹ-ಅಡಮಾನದಾರನಿಗೆ, ಇತರರ ಪಾಲಿನ ಮಟ್ಟಿಗೆ, ಸಾಲ ಕೊಟ್ಟವರ ಸ್ಥಾನದಲ್ಲಿಯೇ ನಿಂತು ಹಕ್ಕು ಸಾಧಿಸುವ ಅವಕಾಶವನ್ನು 92ನೆಯ ಕಲಮು ಕೊಡುತ್ತದೆ. ಗಂಡ ಹೆಂಡತಿ ಎಂಬ ಮಾತು ಈ ಕಲಮುಗಳಲ್ಲಿ ಎಲ್ಲಿಯೂ ಇಲ್ಲ. ಈ ಕಾಯ್ದೆಯ ಕಣ್ಣಿಗೆ ಅವರು ಕೂಡಿ ಆಸ್ತಿ ಕೊಂಡ ಇಬ್ಬರು ವ್ಯಕ್ತಿಗಳು ಮಾತ್ರ.

ದಂಪತಿಗಳ ಹೆಸರಿನಲ್ಲಿ ಗೃಹಸಾಲ ಹುಟ್ಟಿಕೊಂಡ ಬಗೆ ನಗರಗಳ ಬೆಳವಣಿಗೆಗೆ ಸೇರಿದ್ದು. ಮೈಸೂರು ಸಂಸ್ಥಾನದಲ್ಲಿ 1905ರ ಸಹಕಾರ ಸಂಘಗಳ ಕಾನೂನು ಬಂದ ಮೇಲೆ ಗೃಹನಿರ್ಮಾಣ ಸಹಕಾರ ಸಂಘಗಳು ನೌಕರ ವರ್ಗದವರಿಗೆ ಮನೆ ಕಟ್ಟಿಕೊಳ್ಳುವ ದಾರಿಯಾದವು. ಆಗ ಸದಸ್ಯತ್ವವೂ ಸಾಲವೂ ಸಾಮಾನ್ಯವಾಗಿ ಸಂಬಳ ತರುವ ಗಂಡಸಿನ ಹೆಸರಿನಲ್ಲಿರುತ್ತಿದ್ದವು. 1970ರಲ್ಲಿ ಹುಡ್ಕೊ, 1977ರಲ್ಲಿ ಎಚ್‌ಡಿಎಫ್‌ಸಿ, 1987ರಲ್ಲಿ ಬೆಂಗಳೂರಿನಲ್ಲಿ ಕ್ಯಾನ್‌ಫಿನ್ ಹೋಮ್ಸ್, 1988ರಲ್ಲಿ ರಾಷ್ಟ್ರೀಯ ಗೃಹ ಬ್ಯಾಂಕು ಹೀಗೆ ಸಂಸ್ಥೆಗಳು ಒಂದೊಂದಾಗಿ ಬಂದಂತೆ ಗೃಹಸಾಲವು ಸಂಘದ ಸದಸ್ಯರಾಚೆಗೂ ಹರಡಿತು. ಅದು ಜಂಟಿಯಾಗಲು ಕಾರಣಗಳು ಬೇರೆ ಇವೆ. ಮಾಹಿತಿ ತಂತ್ರಜ್ಞಾನದ ಉದ್ಯಮ ಬೆಳೆದಂತೆ ಬೆಂಗಳೂರಿನಲ್ಲಿ ಇಬ್ಬರೂ ದುಡಿಯುವ ಸಂಸಾರಗಳು ಹೆಚ್ಚಿದವು, ನಿವೇಶನ ಮತ್ತು ಫ್ಲಾಟುಗಳ ಬೆಲೆ ಒಬ್ಬರ ಸಂಬಳಕ್ಕೆ ಎಟುಕದಂತೆ ಏರಿತು, ಇಬ್ಬರ ಆದಾಯವನ್ನು ಕೂಡಿಸಿದರೆ ಬ್ಯಾಂಕು ಹೆಚ್ಚು ಸಾಲ ಕೊಡತೊಡಗಿತು. ಮನೆಯಲ್ಲಿಯೂ ಸಾಲದಲ್ಲಿಯೂ ಪಾಲುಳ್ಳ ಇಬ್ಬರೂ ಬೇರೆ ಬೇರೆಯಾಗಿ ತೆರಿಗೆ ರಿಯಾಯಿತಿ ಪಡೆಯಲು 1961ರ ಆದಾಯ ತೆರಿಗೆ ಕಾಯ್ದೆ ಅವಕಾಶ ಕೊಟ್ಟಿತ್ತು. ತಾವೇ ವಾಸಿಸುವ ಮನೆಯ ಸಾಲದ ಬಡ್ಡಿಗೆ ಈ ಮಿತಿ 2014ರಿಂದ ತಲಾ 2 ಲಕ್ಷ ರೂಪಾಯಿಯಾಯಿತು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯು ಕಡಿಮೆ ಆದಾಯದ ವರ್ಗಗಳ ಮನೆಗಳಲ್ಲಿ ಹೆಣ್ಣಿನ ಹೆಸರು ಒಡೆತನದಲ್ಲಿ ಇರಲೇಬೇಕೆಂಬ ಷರತ್ತನ್ನು ತಂದಿತು. ಹೀಗೆ ಆದಾಯ, ತೆರಿಗೆ ಮತ್ತು ಸರ್ಕಾರದ ನೀತಿ ಮೂರೂ ದಂಪತಿಗಳನ್ನು ಒಂದೇ ಸಾಲಪತ್ರದ ಕಡೆಗೆ ನಡೆಸಿದವು. ಒಳಗೆ ಬರುವ ಬಾಗಿಲನ್ನು ಇಷ್ಟು ಅಗಲ ಮಾಡಿದವರು ಹೊರಗೆ ಹೋಗುವ ಬಾಗಿಲಿನ ಬಗ್ಗೆ ಯೋಚಿಸಲಿಲ್ಲ.

ಮೂರು ಕಡೆಗೆ ಹಂಚಿಹೋದ ಒಂದು ಪ್ರಶ್ನೆ

ಪರಸ್ಪರ ಒಪ್ಪಿಗೆಯ ವಿಚ್ಛೇದನವನ್ನು ಹಿಂದೂ ವಿವಾಹ ಕಾಯ್ದೆಗೆ ಸೇರಿಸಿದ್ದು 1976ರ ತಿದ್ದುಪಡಿ. ಕುಟುಂಬ ನ್ಯಾಯಾಲಯಗಳಿಗೆ ದಾರಿ ಮಾಡಿದ್ದು 1984ರ ಕಾಯ್ದೆ, ಗಂಡ ಹೆಂಡಿರ ನಡುವಿನ ಆಸ್ತಿಯ ವ್ಯಾಜ್ಯವನ್ನೂ ಅದು ಈ ನ್ಯಾಯಾಲಯಗಳ ವ್ಯಾಪ್ತಿಗೆ ತಂದಿತು. ಆದರೆ ಆಸ್ತಿಯನ್ನು ಹೇಗೆ ಹಂಚಬೇಕೆಂಬ ನಿಯಮ ಮಾತ್ರ ತೆಳುವಾಗಿಯೇ ಉಳಿಯಿತು. ಹಿಂದೂ ವಿವಾಹ ಕಾಯ್ದೆಯ 27ನೆಯ ಕಲಮು ಮಾತನಾಡುವುದು ಮದುವೆಯ ಹೊತ್ತಿನಲ್ಲಿ ಅಥವಾ ಅದರ ಆಸುಪಾಸಿನಲ್ಲಿ ಉಡುಗೊರೆಯಾಗಿ ಬಂದ, ಇಬ್ಬರಿಗೂ ಸೇರಿದ ವಸ್ತುಗಳ ಬಗ್ಗೆ. ಮದುವೆಯಾಗಿ ಹತ್ತು ವರ್ಷದ ನಂತರ ಸಾಲ ಮಾಡಿ ಕೊಂಡ ಮನೆ ಆ ಮಾತುಗಳ ಒಳಗೆ ಸುಲಭವಾಗಿ ಹೊಂದುವುದಿಲ್ಲ. ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡಿಸುವ ಅಂಶವಿದ್ದ ವಿವಾಹ ಕಾನೂನುಗಳ ತಿದ್ದುಪಡಿ ಮಸೂದೆಯನ್ನು ರಾಜ್ಯಸಭೆ 2013ರಲ್ಲಿ ಅಂಗೀಕರಿಸಿತಾದರೂ ಅದು ಲೋಕಸಭೆಯನ್ನು ದಾಟಲಿಲ್ಲ. ನೆರೆಯ ಗೋವಾದಲ್ಲಿ ಮಾತ್ರ, 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಮುಂದುವರಿಕೆಯಿಂದಾಗಿ, ಬೇರೆ ಕರಾರಿಲ್ಲದಿದ್ದರೆ ದಂಪತಿಗಳ ಆಸ್ತಿಯನ್ನು ಇಬ್ಬರಿಗೂ ಸೇರಿದ್ದೆಂದು ಕಾಣುವ ಪದ್ಧತಿ ಉಳಿದಿದೆ. ಕಾಳಿ ನದಿಯ ಈಚೆಯ ಕಾರವಾರದ ದಂಪತಿಗೆ ಆ ನಿಯಮವಿಲ್ಲ.

ವಾಸದ ಹಕ್ಕಿನ ವಿಚಾರದಲ್ಲಿ ಕಾನೂನು ಹೆಚ್ಚು ದೂರ ಸಾಗಿತು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯು, ಒಡೆತನ ಯಾರದೇ ಇರಲಿ, ಕೂಡಿ ಬಾಳಿದ ಮನೆಯಲ್ಲಿ ಇರುವ ಹಕ್ಕನ್ನು ಹೆಣ್ಣಿಗೆ ಕೊಟ್ಟಿತು. ಆ ಮನೆಯನ್ನು ಮಾರದಂತೆ, ಅದರ ಮೇಲೆ ಋಣಭಾರ ಹೇರದಂತೆ ತಡೆಯುವ ಅಧಿಕಾರ, ಬಾಡಿಗೆ ಮತ್ತಿತರ ಪಾವತಿಗಳನ್ನು ಗಂಡನೇ ಮಾಡಬೇಕೆಂದು ಆದೇಶಿಸುವ ಅಧಿಕಾರ ಎರಡನ್ನೂ 19ನೆಯ ಕಲಮು ನ್ಯಾಯಾಧೀಶರಿಗೆ ಕೊಡುತ್ತದೆ. ಗಂಡನ ತಂದೆತಾಯಿಯರ ಒಡೆತನದ ಮನೆಗೆ ಈ ಹಕ್ಕು ಅನ್ವಯಿಸದೆಂದು 2006ರ ಬತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, 2020ರ ಅಕ್ಟೋಬರಿನಲ್ಲಿ ಅಹುಜಾ ಪ್ರಕರಣದಲ್ಲಿ ಆ ವ್ಯಾಖ್ಯಾನವನ್ನು ತಿದ್ದಿ ಹಕ್ಕನ್ನು ವಿಸ್ತರಿಸಿತು. ಅದೇ ವರ್ಷದ ನವೆಂಬರಿನಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದ ತೀರ್ಪು, ಜೀವನಾಂಶದ ಮೊಕದ್ದಮೆಗಳಲ್ಲಿ ಎರಡೂ ಪಕ್ಷದವರು ತಮ್ಮ ಆಸ್ತಿಯನ್ನೂ ಸಾಲಗಳನ್ನೂ ಪ್ರಮಾಣಪತ್ರದಲ್ಲಿ ಬಹಿರಂಗಪಡಿಸಬೇಕೆಂದು ವಿಧಿಸಿತು. ಮನೆಗೆಲಸ ಮಾಡಿದ ಹೆಂಡತಿಯ ದುಡಿಮೆಯೂ ಆಸ್ತಿಯ ಗಳಿಕೆಯಲ್ಲಿ ಪಾಲೇ ಎಂದು ಮದ್ರಾಸ್ ಹೈಕೋರ್ಟ್ 2023ರಲ್ಲಿ ಹೇಳಿದ್ದು ಇದೇ ದಿಕ್ಕಿನ ಇನ್ನೊಂದು ಹೆಜ್ಜೆ. ಬ್ಯಾಂಕಿನ ದಾಖಲೆಯಲ್ಲಿ ಕಾಣದ ಈ ದುಡಿಮೆಯನ್ನು ಲೆಕ್ಕಕ್ಕೆ ತರದೆ ಮಾಡುವ ಯಾವ ಹಂಚಿಕೆಯೂ ನ್ಯಾಯವೆನಿಸದು.

ಇಷ್ಟೆಲ್ಲ ಆದರೂ ಕುಟುಂಬ ನ್ಯಾಯಾಲಯದ ಆದೇಶ ಬ್ಯಾಂಕಿನ ಕರಾರನ್ನು ಬದಲಿಸುವುದಿಲ್ಲ. ಕಂತುಗಳನ್ನು ಗಂಡನೇ ಕಟ್ಟಬೇಕೆಂದು ಆದೇಶವಾಗಿ, ಅವನು ಕಟ್ಟದೆ ಹೋದರೆ, 90 ದಿನಗಳ ಬಾಕಿಯ ನಂತರ ಆ ಸಾಲವು ಅನುತ್ಪಾದಕ ಆಸ್ತಿ ಎನಿಸುತ್ತದೆ. 2002ರ ಸರ್ಫೇಸಿ ಕಾಯ್ದೆಯಂತೆ ಬ್ಯಾಂಕು ಇಬ್ಬರಿಗೂ 60 ದಿನಗಳ ನೋಟಿಸು ಕೊಟ್ಟು, ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತದೆಯೇ ಮನೆಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ಅದನ್ನು ಪ್ರಶ್ನಿಸಬೇಕಾದದ್ದು 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಯ ಮುಂದೆ, ಕುಟುಂಬ ನ್ಯಾಯಾಲಯದ ಮುಂದಲ್ಲ. ಬಾಕಿಯ ಕಳಂಕ ಸಿಬಿಲ್‌ನಂಥ ಸಾಲಮಾಹಿತಿ ಸಂಸ್ಥೆಗಳ ದಾಖಲೆಯಲ್ಲಿ ಇಬ್ಬರಿಗೂ ಸಮನಾಗಿ ಅಂಟುತ್ತದೆ, ಮನೆ ಬಿಟ್ಟು ಹೋದವರು ಬೇರೆ ಮನೆಗಾಗಿ ಸಾಲ ಕೇಳಲು ಹೋದಾಗ ಅದೇ ಅಡ್ಡಿಯಾಗುತ್ತದೆ. ಇನ್ನು ಮನೆಯ ಪಾಲಿನ ವಿಚಾರ ಬಂದರೆ 1893ರ ವಿಭಾಗ ಕಾಯ್ದೆಯ ಮೊರೆಹೋಗಬೇಕು. ತುಂಡು ಮಾಡಲಾಗದ ಮನೆಯನ್ನು ಮಾರಿ ಹಣ ಹಂಚಬೇಕೆಂದು ಅರ್ಧ ಅಥವಾ ಹೆಚ್ಚು ಪಾಲುಳ್ಳವರು ಕೇಳಬಹುದು, ಉಳಿದ ಪಾಲುದಾರರು ನ್ಯಾಯಾಲಯ ಕಟ್ಟಿಸಿದ ಬೆಲೆಗೆ ಅದನ್ನು ತಾವೇ ಕೊಳ್ಳುವೆವೆನ್ನಬಹುದು. ಹೀಗೆ ದಾಂಪತ್ಯ ಒಂದು ಕಡೆ, ಪಾಲು ಇನ್ನೊಂದು ಕಡೆ, ಸಾಲ ಮತ್ತೊಂದು ಕಡೆ ತೀರ್ಮಾನವಾಗುವ ಈ ವ್ಯವಸ್ಥೆಯಲ್ಲಿ, ಒಂದು ಕಡೆಯ ತೀರ್ಪು ಮತ್ತೊಂದು ಕಡೆಯ ತೊಡಕನ್ನು ಬಿಡಿಸುವುದಿಲ್ಲ.

ಬಿಡುಗಡೆಯ ದಾರಿಗಳು

ಕಾಲಕ್ರಮದಲ್ಲಿ ವಕೀಲರೂ ಬ್ಯಾಂಕುಗಳೂ ಉಪನೋಂದಣಿ ಕಚೇರಿಗಳೂ ಸೇರಿ ಆಚರಣೆಯಲ್ಲಿ ಕೆಲವು ದಾರಿಗಳನ್ನು ರೂಢಿಸಿಕೊಂಡಿವೆ. ಮೊದಲನೆಯದು ಮನೆಯನ್ನು ಮಾರಿ, ಬಂದ ಹಣದಲ್ಲಿ ಸಾಲ ತೀರಿಸಿ, ಮಿಕ್ಕದ್ದನ್ನು ಹಂಚಿಕೊಳ್ಳುವುದು. ಇದರಲ್ಲಿ ಸಂಬಂಧವೂ ಋಣವೂ ಒಟ್ಟಿಗೆ ಮುಗಿಯುತ್ತವೆ. ಎರಡನೆಯದು ಒಬ್ಬರು ಮನೆಯನ್ನು ಉಳಿಸಿಕೊಳ್ಳುವುದು. ಆಗ ಹೊರಹೋಗುವವರು ಹಕ್ಕು ಬಿಡುಗಡೆ ಪತ್ರವನ್ನು, ಅಂದರೆ ತಮ್ಮ ಪಾಲನ್ನು ಮತ್ತೊಬ್ಬರಿಗೆ ಬಿಟ್ಟುಕೊಡುವ ದಸ್ತಾವೇಜನ್ನು, ನೋಂದಾಯಿಸಿ ಕೊಡಬೇಕು. ಅದಕ್ಕೂ ಮೊದಲು ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಬೇಕು, ಉಳಿಯುವವರ ಒಬ್ಬರದೇ ಆದಾಯ ಸಾಲಕ್ಕೆ ಸಾಕೆಂದು ಬ್ಯಾಂಕಿಗೆ ಮನವರಿಕೆಯಾಗಬೇಕು, ಹಳೆಯ ಸಾಲದ ಕರಾರಿನ ಬದಲು ಒಬ್ಬರ ಹೆಸರಿನಲ್ಲಿ ಹೊಸ ಕರಾರು ಆಗಬೇಕು, ಕೊನೆಗೆ ಮನೆಯ ಖಾತೆಯೂ ಬದಲಾಗಬೇಕು. ಪಾಲು ಬಿಟ್ಟುಕೊಟ್ಟು ಸಾಲದ ಕರಾರಿನಲ್ಲಿ ಹೆಸರು ಹಾಗೆಯೇ ಉಳಿದರೆ, ಮನೆಯಿಲ್ಲದೆ ಸಾಲ ಮಾತ್ರ ಉಳಿದಂತಾಗುತ್ತದೆ. ಈ ವಿಚಾರದಲ್ಲಿ ಆಗುವ ಅತ್ಯಂತ ದೊಡ್ಡ ಅನ್ಯಾಯ ಇದೇ.

ಮೂರನೆಯ ದಾರಿ, ಬ್ಯಾಂಕು ಒಪ್ಪದಿದ್ದರೆ ಬೇರೆ ಬ್ಯಾಂಕಿನಿಂದ ಒಬ್ಬರ ಹೆಸರಿನಲ್ಲಿ ಸಾಲ ಪಡೆದು ಹಳೆಯದನ್ನು ತೀರಿಸುವುದು. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸುವ ವ್ಯಕ್ತಿಗಳಿಂದ ಬ್ಯಾಂಕುಗಳು ದಂಡ ಪಡೆಯಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲಿ ಆದೇಶಿಸಿದ್ದರಿಂದ ಈ ದಾರಿ ಸುಗಮವಾಯಿತು. ಸಾಲ ತೀರಿದ 30 ದಿನಗಳೊಳಗೆ ಮೂಲ ಪತ್ರಗಳನ್ನು ಹಿಂದಿರುಗಿಸಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಮಕ್ಕಳ ಶಾಲೆಯ ಕಾರಣಕ್ಕೋ ಮಾರುಕಟ್ಟೆಯ ಕಾರಣಕ್ಕೋ ತಕ್ಷಣ ಮಾರಲಾಗದಿದ್ದರೆ, ಒಡೆತನವನ್ನೂ ಸಾಲವನ್ನೂ ಜಂಟಿಯಾಗಿಯೇ ಇಟ್ಟುಕೊಂಡು, ಯಾರು ಎಷ್ಟು ಕಂತು ಕಟ್ಟಬೇಕು, ಬಾಡಿಗೆ ಬಂದರೆ ಯಾರಿಗೆ, ಯಾವ ದಿನದೊಳಗೆ ಮಾರಬೇಕು ಎಂಬುದನ್ನು ಬರೆದಿಟ್ಟುಕೊಳ್ಳುವುದು ನಾಲ್ಕನೆಯ ದಾರಿ. ಈ ಕೊನೆಯದರಲ್ಲಿ ಪ್ರತಿ ಕಂತಿನ ಪಾವತಿಯ ದಾಖಲೆಯೂ ಮುಖ್ಯ, ಏಕೆಂದರೆ ಮುಂದೆ ಕರಾರು ಕಾಯ್ದೆಯ 43ನೆಯ ಮತ್ತು ಆಸ್ತಿ ವರ್ಗಾವಣೆ ಕಾಯ್ದೆಯ 45ನೆಯ ಕಲಮುಗಳ ಕೆಳಗೆ ಪಾಲು ಕೇಳುವಾಗ ಆಧಾರವಾಗುವುದು ಆ ದಾಖಲೆಯೇ.

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಮೊದಲ ಅರ್ಜಿಗೂ ಅಂತಿಮ ತೀರ್ಪಿಗೂ ನಡುವೆ ಆರು ತಿಂಗಳ ಕಾಲಾವಕಾಶವನ್ನು ಕಾಯ್ದೆ ಇಟ್ಟಿದೆ. ಅದನ್ನು ಸೂಕ್ತ ಪ್ರಕರಣಗಳಲ್ಲಿ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದಾಗ, ಜೀವನಾಂಶ ಮತ್ತು ಮಕ್ಕಳ ಪಾಲನೆಯಂಥ ವಿಷಯಗಳು ಪ್ರಾಮಾಣಿಕವಾಗಿ ಇತ್ಯರ್ಥವಾಗಿರಬೇಕೆಂಬ ಷರತ್ತನ್ನೂ ಇಟ್ಟಿತು. ಜಂಟಿ ಗೃಹಸಾಲವೂ ಹಾಗೆ ಇತ್ಯರ್ಥವಾಗಬೇಕಾದ ವಿಷಯಗಳಲ್ಲಿ ಒಂದೆಂದು ಸ್ಪಷ್ಟವಾಗಿ ಸೇರಿಸಿ, ಬ್ಯಾಂಕಿನ ಲಿಖಿತ ಅಭಿಪ್ರಾಯವನ್ನು ರಾಜಿ ಪತ್ರದೊಡನೆ ತರಿಸಿಕೊಳ್ಳುವ ಕ್ರಮವನ್ನು ಕುಟುಂಬ ನ್ಯಾಯಾಲಯಗಳು ಕಡ್ಡಾಯ ಮಾಡಿದರೆ, ಈ ತೊಡಕಿನ ಬಹುಭಾಗ ಹುಟ್ಟುವ ಮೊದಲೇ ತಪ್ಪುತ್ತದೆ. ಅದಕ್ಕೆ ಹೊಸ ಕಾಯ್ದೆಯನ್ನು ಕಾಯಬೇಕಾಗಿಲ್ಲ.

ಕೂಡಿ ಮಾಡಿದ ಸಾಲಕ್ಕೆ ಇಬ್ಬರೂ ಹೊಣೆ ಎಂದು ಕಲ್ಯಾಣದ ವ್ಯಾಖ್ಯಾನಕಾರನು ಒಪ್ಪಿದ ತತ್ವವನ್ನು ಇಂದಿನ ಕರಾರು ಕಾಯ್ದೆಯೂ ಎತ್ತಿ ಹಿಡಿಯುತ್ತದೆ. ಬಿಡುಗಡೆ ಮತ್ತು ಲೆಕ್ಕ ಒಂದೇ ಕೂಟದಲ್ಲಿ ಮುಗಿಯಬೇಕೆಂಬ ಹಳ್ಳಿಯ ಕಟ್ಟೆಯ ವಿವೇಕವನ್ನು, ಅದರ ಅಸಮಾನತೆಯನ್ನು ಕಳೆದು, ಇಂದಿನ ನ್ಯಾಯಾಲಯ ತನ್ನದಾಗಿಸಿಕೊಳ್ಳಬೇಕಾಗಿದೆ. ಅಲ್ಲಿಯವರೆಗೆ ಬೇರೆಯಾಗುವ ಪ್ರತಿ ದಂಪತಿಯೂ ವಿಚ್ಛೇದನದ ಪತ್ರಕ್ಕೆ ಸಹಿ ಹಾಕುವ ಮೊದಲು ಸಾಲದ ಪತ್ರವನ್ನು ತೆರೆದು ಓದಬೇಕು, ಹಕ್ಕು ಬಿಟ್ಟುಕೊಡುವವರು ಹೊಣೆಯಿಂದಲೂ ಬಿಡುಗಡೆಯಾಗಿದ್ದೇವೆಂದು ಬ್ಯಾಂಕಿನಿಂದ ಬರಹದಲ್ಲಿ ಪಡೆದ ನಂತರವೇ ನೋಂದಣಿ ಕಚೇರಿಗೆ ಹೋಗಬೇಕು.